ಕೂದಲೆಳೆಯಷ್ಟು ಕರೆಂಟು

ಶೆಡ್ಡಿನಲ್ಲಿ ಒಂದು ಕಾನೂನಿತ್ತು: ಒಬ್ಬರು ಒಳಗೆ, ಒಬ್ಬರು ಹೊರಗೆ. ಕಾನೂನು ಮಾಡಿದವನು ಗಂಡ, ಪಾಲಿಸಿದವಳು ಹೆಂಡತಿ. ಹಾಗಾಗಿಯೇ ಅದು ಇಷ್ಟು ವರ್ಷ ಮುರಿಯದೆ ಉಳಿದಿದೆ ಎಂದು ಅವಳು ನೆಂಟರ ಮುಂದೆ ಹೇಳಿ ನಗುವುದಿತ್ತು. ಒಳಗೆ ಅಂದರೆ ವಿಮಾನದ ಒಳಗೆ, ಸ್ವಿಚ್ಚುಗಳ ಮುಂದೆ. ಹೊರಗೆ ಅಂದರೆ ರೆಕ್ಕೆಯ ಹಿಂದೆ, ಗೋಡೆಯ ಕರೆಂಟನ್ನು ವಿಮಾನಕ್ಕೆ ಒಗ್ಗುವಷ್ಟು ಇಳಿಸಿ ಕೊಡುವ ಪೆಟ್ಟಿಗೆಯ ಪಕ್ಕ.

ವಿಮಾನ ಅಂದಕೂಡಲೇ ದೊಡ್ಡದೇನನ್ನೋ ಕಲ್ಪಿಸಿಕೊಳ್ಳುವುದು ಬೇಡ. ಎರಡೇ ಸೀಟು. ತೆಳು ಉಕ್ಕಿನ ಕೊಳವೆಗಳ ಪಂಜರ, ಅದಕ್ಕೆ ಹೊದಿಸಿದ ಬಟ್ಟೆ, ಬಟ್ಟೆಯ ಮೇಲೆ ಬಣ್ಣ. ಇಬ್ಬರೂ ಸೇರಿ ಮನೆಯ ಹಿಂದಿನ ತಗಡಿನ ಶೆಡ್ಡಿನಲ್ಲಿ ಕಟ್ಟಿದ್ದು. ಗಂಡ ಲಿಫ್ಟ್ ಮೆಕ್ಯಾನಿಕ್. ಕೆಲಸದಲ್ಲಿದ್ದಷ್ಟು ಕಾಲವೂ ಊರವರನ್ನೆಲ್ಲ ಮೇಲಕ್ಕೆ ಕಳಿಸಿ, ತಾನು ಮಾತ್ರ ಕೆಳಗಿನ ಗುಂಡಿಯಲ್ಲಿ ಗ್ರೀಸು ಮೆತ್ತಿಕೊಂಡು ನಿಂತವನು. ಅಂಥವನಿಗೆ ಒಂದು ದಿನ ತಾನೂ ಮೇಲೆ ಹೋಗಬೇಕು ಅನ್ನಿಸಿದರೆ ಯಾರಾದರೂ ಏನೆಂದಾರು! ಹೆಂಡತಿ ದರ್ಜಿ. ಮನೆಯ ಮುಂದಿನ ಕೋಣೆಯೇ ಅವಳ ಅಂಗಡಿ. ರೆಕ್ಕೆಗೆ ಬಟ್ಟೆ ಹೊದಿಸಿ, ಒಂದೊಂದು ಪಕ್ಕೆಲುಬಿಗೂ ಉದ್ದ ಸೂಜಿಯಲ್ಲಿ ಮೇಣ ಹಚ್ಚಿದ ದಾರ ಹಾಕಿ ಬಿಗಿದು, ಇಸ್ತ್ರಿಪೆಟ್ಟಿಗೆಯಲ್ಲಿ ಬಿಸಿ ಕೊಟ್ಟು ಬಟ್ಟೆಯನ್ನು ನಗಾರಿಯ ಚರ್ಮದ ಹಾಗೆ ಮಾಡಿದವಳು ಅವಳೇ. ಎಷ್ಟೋ ಜನರ ಮೈಯಳತೆ ತೆಗೆದ ಕೈಗೆ ವಿಮಾನದ ಮೈಯಳತೆ ತೆಗೆಯುವುದೇನೂ ಕಷ್ಟವಾಗಲಿಲ್ಲ. "ಇದು ಒಂದು ವಿಷಯದಲ್ಲಿ ಒಳ್ಳೇ ಗಿರಾಕಿ. ಹೊಲಿಸಿದ ಮೇಲೆ ದಪ್ಪ ಆಗಲ್ಲ," ಅನ್ನುತ್ತಿದ್ದಳು.

ವೈರಿಂಗ್ ಪೂರ್ತಿ ಗಂಡನದು. ಎಂಜಿನ್ ಓಡುತ್ತಿದ್ದರೆ ವಿಮಾನ ತನ್ನ ಕರೆಂಟನ್ನು ತಾನೇ ಹುಟ್ಟಿಸಿಕೊಳ್ಳುತ್ತದೆ. ನೆಲದ ಮೇಲೆ ಸುಮ್ಮನೆ ನಿಂತಾಗ ಬ್ಯಾಟರಿಯೇ ಗತಿ. ಲೈಟು, ರೇಡಿಯೋ, ಪಂಪು ಅಂತ ಒಂದೊಂದನ್ನೇ ಹಾಕಿ ನೋಡುತ್ತ ಕೂತರೆ ಬ್ಯಾಟರಿ ಬೇಗನೆ ಕೈ ಎತ್ತಿಬಿಡುತ್ತದೆ. ಅದಕ್ಕೇ ಈ ಪೆಟ್ಟಿಗೆ. ಕಳಚಿ ಬಿಸಾಕಿದ್ದ ಹಳೆಯ ಲಿಫ್ಟೊಂದರ ಸಾಮಾನಿನಿಂದ ಅವನೇ ಮಾಡಿದ್ದು. ಆನ್ ಮಾಡಿದರೆ ಗುಂಯ್ ಅನ್ನುತ್ತಿತ್ತು, ಆದ್ದರಿಂದ ಹೆಸರೂ ಗುಂಯ್‌ಪೆಟ್ಟಿಗೆ. ಮುಖದ ಮೇಲೆ ಒಂದು ಗುಬುಟು, ಒಂದು ಮೀಟರು, ಮೀಟರಿನಲ್ಲಿ ಒಂದು ಕಪ್ಪು ಮುಳ್ಳು. ಬೆನ್ನಿಂದ ಹೊರಟ ದಪ್ಪ ಕೇಬಲ್ಲು ವಿಮಾನದ ಪಕ್ಕೆಯ ಸಾಕೆಟ್ಟಿಗೆ ಹೋಗುತ್ತಿತ್ತು. ಪ್ಲಗ್ಗನ್ನು ತಿರುವುಮುರುವು ಹಾಕಲು ಬಾರದಂತೆ ಒಂದು ಮೂಲೆ ಕೊಯ್ದಿದ್ದ.

"ದರ್ಜಿಗಳ ಕೈಗೆ ಸಿಕ್ಕಿದ್ರೂ ಸುಡಬಾರದು, ಅದಕ್ಕೇ ಹೀಗೆ ಮಾಡಿದೀನಿ," ಅಂದಿದ್ದ.

"ದರ್ಜಿ ಸುಟ್ರೆ ಒಂದು ಬಟ್ಟೆ ಸುಡ್ತಾಳೆ. ಮೆಕ್ಯಾನಿಕ್ ಸುಟ್ರೆ ಮನೇನೇ ಸುಡ್ತಾನೆ," ಅಂದಿದ್ದಳು ಅವಳು.

ಕಾನೂನಿಗೆ ಇನ್ನೆರಡು ಬಾಲಗಳಿದ್ದವು. ಒಳಗಿದ್ದವರು ಹತ್ತುವಾಗ, ಇಳಿಯುವಾಗ, ಬಾಗಿಲು ತೆಗೆಯುವಾಗ ಪೆಟ್ಟಿಗೆ ಆಫ್ ಆಗಿರಬೇಕು. ಹೊರಗಿನವರು ಕರೆದಾಗ ಒಳಗಿನಿಂದ ಉತ್ತರ ಬರಲಿಲ್ಲವೋ, ಮರುಮಾತಿಲ್ಲದೆ ಕರೆಂಟು ತೆಗೆಯಬೇಕು. ಲಿಫ್ಟಿನ ಗುಂಡಿಯಲ್ಲಿ ಕೆಲಸ ಮಾಡಿದವನಿಗೆ ಮೇಲಿನವರ ಉತ್ತರ ಕೇಳಿಸದಿದ್ದರೆ ಏನಾಗುತ್ತದೆ ಎಂದು ಗೊತ್ತಿತ್ತು. ಆ ವಿಷಯದಲ್ಲಿ ಅವನು ತಮಾಷೆಗೂ ಸಡಿಲ ಬಿಡುತ್ತಿರಲಿಲ್ಲ.

"ಕೊಡ್ಲಾ?" ಎಂದು ಇವಳು ಕೂಗಬೇಕು. "ಕೊಡು!" ಎಂದು ಅವನು. ಆಮೇಲೆ ಅವನು ಒಂದೊಂದೇ ಸ್ವಿಚ್ಚು ಒತ್ತುತ್ತ ಹೆಸರು ಹೇಳುವುದು, ಇವಳು ಮುಳ್ಳು ನೋಡಿ "ಸರಿ" ಅನ್ನುವುದು. ಪಂಪಿಗೆ ಮುಳ್ಳು ಒಂದಿಷ್ಟು ಸರಿದು ನಡುಗುತ್ತಿತ್ತು. ರೆಕ್ಕೆಯ ತುದಿಯ ಮಿಣುಕು ದೀಪಕ್ಕೆ ಏರುತ್ತ ಇಳಿಯುತ್ತ ಎದೆಬಡಿತದ ಹಾಗೆ ಆಡುತ್ತಿತ್ತು. ಇಳಿಯುವಾಗ ಬೇಕಾಗುವ ಮುಂದೀಪ ಹಾಕಿದರೆ ಒಂದೇ ನೆಗೆತಕ್ಕೆ ಅರ್ಧ ದಾರಿ. ಕೆಲವು ತಿಂಗಳಾದ ಮೇಲೆ ಅವಳಿಗೆ ಹೆಸರು ಕೇಳುವ ಅಗತ್ಯವೇ ಬೀಳುತ್ತಿರಲಿಲ್ಲ. ಅವನು ಬಾಯಿ ಬಿಡುವ ಮೊದಲೇ "ರೇಡಿಯೋ, ಸರಿ," ಅಂದುಬಿಡುತ್ತಿದ್ದಳು.

"ಹೊಟ್ಟೇಲಿರೋ ಮಾತನ್ನೂ ಮೀಟರ್ ನೋಡಿ ಹೇಳ್ತೀಯೇನೇ?"

"ನಿಮ್ಮ ಹೊಟ್ಟೇಲಿರೋದು ಗೊತ್ತಾಗೋಕೆ ಮೀಟರ್ ಬೇರೆ ಬೇಕಾ? ಊಟ, ಅಷ್ಟೇ."

ಇಷ್ಟಾದರೂ ಅವಳು ಒಮ್ಮೆಯೂ ವಿಮಾನದೊಳಗೆ ಕೂತವಳಲ್ಲ. ಸೀಟಿನ ದಿಂಬುಗಳನ್ನು ಅಂಗಡಿಯಲ್ಲೇ ಹೊಲಿದು ಕೊಟ್ಟಳು. ಒಳಗೆ ಹಾಕಿದವನು ಅವನು. ಬಾ, ಕೂತು ನೋಡು ಅಂತ ಕರೆದಾಗಲೆಲ್ಲ, "ಹಾರೋ ದಿನ ಕೂರ್ತೀನಿ. ನಿಂತ ಬಸ್ಸಲ್ಲಿ ಕೂರೋಕೆ ನಂಗೇನು ಬೇರೆ ಕೆಲಸ ಇಲ್ವಾ?" ಅನ್ನುತ್ತಿದ್ದಳು. ನಿಜ ಹೇಳಬೇಕೆಂದರೆ ಅವಳ ಮನಸ್ಸಿನಲ್ಲಿ ಅದೊಂದು ಹರಕೆಯ ಹಾಗೆ ಕೂತಿತ್ತು. ಮೊದಲೇ ಕೂತುಬಿಟ್ಟರೆ ಹಾರುವುದೇ ಇಲ್ಲವೇನೋ ಎಂಬ ಸಣ್ಣ ಭಯ.

ಒಂದು ಸಂಜೆ ಅಂಗಡಿಯ ಬಾಗಿಲಲ್ಲಿ ಕೂತು ಸೂಜಿಗೆ ದಾರ ಪೋಣಿಸಲು ಒದ್ದಾಡುತ್ತಿದ್ದಾಗ ಇದೇ ಮಾತು ಬಂತು.

"ಅಲ್ಲ ರೀ, ಮೇಲೆ ಹೋಗಿ ನಾನೇನು ಮಾಡ್ಲಿ? ನೀವೇನೋ ಕೈಯಲ್ಲಿ ಗೂಟ ಹಿಡ್ಕೊಂಡು ದೊಡ್ಡ ಮನುಷ್ಯರ ಹಾಗೆ ಕೂತಿರ್ತೀರ. ನಾನು ಮೋಡ ಎಣಿಸ್ಲಾ? ಒಂದೆರಡು ಹೆಮ್ಮಿಂಗ್ ಕೆಲಸ ತಗೊಂಡ್ಬರ್ತೀನಿ. ಆದ್ರೆ ದಾರ ಪೋಣಿಸೋಕೆ ಬೆಳಕು ಬೇಕಲ್ಲ, ಇದೆಯಾ ನಿಮ್ಮ ವಿಮಾನದಲ್ಲಿ?"

"ಆಕಾಶದಲ್ಲಿ ಬೆಳಕಿಗೇನೇ ಬರ? ಸೂರ್ಯನ ಪಕ್ಕದಲ್ಲೇ ಕೂರಿಸ್ತೀನಿ."

"ಸೂರ್ಯ ನಿಮ್ಮ ಕಡೆ ಇದ್ರೆ? ನನ್ನ ಕಡೆ ನೆರಳೇ ಅಲ್ವಾ?"

ಅವನು ಕಿವಿಯ ಹಿಂದಿನ ಪೆನ್ಸಿಲ್ಲನ್ನು ತೆಗೆದು ತಲೆ ಕೆರೆದುಕೊಳ್ಳುತ್ತ ಶೆಡ್ಡಿನ ಕಡೆ ಹೋದ. ಅವಳು ದಾರ ಪೋಣಿಸಿ ಗೆದ್ದು, ಆ ಮಾತನ್ನು ಅಲ್ಲೇ ಮರೆತಳು.

ಅದೇ ದಿನಗಳಲ್ಲಿ ಅವಳ ಹೊಸ ಹೊಲಿಗೆ ಮಿಷನ್ ಬಂತು. ಹಳೆಯದು ಮೂಲೆ ಸೇರಿತು. ಅದನ್ನು ಗುಜರಿಗೆ ಹಾಕುವ ದಿನ ನೋಡಿದರೆ, ಅದರ ಕತ್ತಿನಲ್ಲಿದ್ದ ಪುಟ್ಟ ದೀಪ ಇಲ್ಲ. ಹಸಿರು ತಗಡಿನ ಟೋಪಿಯ ದೀಪ. ಒಮ್ಮೆ ಕತ್ತರಿ ಬಿದ್ದು ಟೋಪಿಯ ಅಂಚು ಒಂದು ಕಡೆ ಸೊಟ್ಟಗಾಗಿತ್ತು. ಕಣ್ಣು ಚುರುಕಾಗಿದ್ದ ಕಾಲದಿಂದ ಅದರ ಬೆಳಕಲ್ಲೇ ಹೊಲಿದವಳು, ಸುಮ್ಮನೆ ನೆನಪಿಗೆ ಇಟ್ಟುಕೊಳ್ಳೋಣ ಅಂದುಕೊಂಡಿದ್ದಳು. ಗಂಡನನ್ನು ಕೇಳಿದಳು. ಅವನು, "ನಂಗೇನ್ ಗೊತ್ತು? ಗುಜರಿಯವನೇ ಎತ್ತಿರ್ಬೇಕು," ಅಂದ. ಪಾಪದ ಗುಜರಿಯವನು ಆ ತಿಂಗಳೆಲ್ಲ ಅವಳ ಬಾಯಲ್ಲಿ ಕಳ್ಳನಾಗಿ ಉಳಿದ.

ವೈರಿಂಗ್ ಮುಗಿಯುತ್ತ ಬಂತು. "ಇನ್ನೊಂದು ಬಾಕಿ ಇದೆ. ಅದಾದ ಮೇಲೆ ನಿನ್ನ ಕರೀತೀನಿ," ಅಂದ ಒಂದು ಬೆಳಗ್ಗೆ. ಆ ವಾರವೇ ಅವನಿಗೆ ಲಕ್ವ ಹೊಡೆಯಿತು.

ಜೀವ ಉಳಿಯಿತು. ಬಲಗೈ, ಬಲಗಾಲು ಹೋದವು. ಮಾತು ಪೂರ್ತಿ ಹೋಯಿತು ಅನ್ನುವ ಹಾಗೂ ಇಲ್ಲ, ಒಂದೇ ಒಂದು ಶಬ್ದ ಉಳಿದುಕೊಂಡಿತು: "ಅದು." ನೀರು ಬೇಕಾದರೂ ಅದು, ನೋವಾದರೂ ಅದು, ಮಗಳು ಬಂದು ಎದುರಿಗೆ ನಿಂತು ಅತ್ತರೂ "ಅದು... ಅದು". ತಲೆ ಚೆನ್ನಾಗಿಯೇ ಇದೆ, ಮಾತು ಹುಡುಕುವ ದಾರಿ ಕೆಟ್ಟಿದೆ ಅಷ್ಟೇ, ಎಂದರು ಡಾಕ್ಟರು. ಅಷ್ಟೇ ಅಂತೆ! ಒಂದು ಮಾತಿಗೆ ಎರಡು ಮಾತು ಎಸೆದು ಬದುಕಿದ ಮನೆಯಲ್ಲಿ ಆ "ಅಷ್ಟೇ" ಎಷ್ಟು ದೊಡ್ಡದು ಎಂದು ಅವರಿಗೇನು ಗೊತ್ತು. ಅವಳು ಸ್ನಾನದ ಮನೆಯಲ್ಲಿ ನಲ್ಲಿ ಬಿಟ್ಟುಕೊಂಡು ಅಳುತ್ತಿದ್ದಳು, ಹೊರಗೆ ಬಂದು ಅವನ ಅಂಗಿಯ ಗುಂಡಿ ಹಾಕುತ್ತ ಬೈಯುತ್ತಿದ್ದಳು. ಬೈಗುಳವಾದರೂ ಮನೆಯಲ್ಲಿ ಕೇಳಿಸಲಿ ಎಂದು.

ಒಂದು ದಿನ ಸಂಜೆ ಅವನು ಎಡಗೈಯಲ್ಲಿ ಶೆಡ್ಡಿನ ಕಡೆ ತೋರಿಸಿದ. ಅವಳು ತಲೆಯಾಡಿಸಿ ಬೇಡವೆಂದಳು. ಅವನು ಮತ್ತೆ ತೋರಿಸಿದ. ಕೊನೆಗೆ ಅವಳೇ ಸೋತಳು. ಅಗಲವಾದ ಒಂದು ಮರದ ಮೆಟ್ಟಿಲು ಇಟ್ಟು, ಅವನ ಕಂಕುಳಿಗೆ ಹೆಗಲು ಕೊಟ್ಟು, ಏದುಸಿರು ಬಿಡುತ್ತ ಎಡಗಡೆಯ ಸೀಟಿಗೆ ಹತ್ತಿಸಿದಳು. ಒಳಗೆ ಏನಿದೆ ಏನಿಲ್ಲ ಎಂದು ನೋಡಲು ಅವಳಿಗೆ ಪುರುಸೊತ್ತೆಲ್ಲಿ. ಕಣ್ಣೆಲ್ಲ ಅವನ ಕಾಲಿನ ಮೇಲೆ. ಬಾಗಿಲು ಮುಚ್ಚಿ ಹೊರಗೆ ಬಂದು ಪೆಟ್ಟಿಗೆಯ ಪಕ್ಕ ನಿಂತಳು.

"ಕೊಡ್ಲಾ?" ಎಂದು ಕೂಗಿದವಳಿಗೆ ತಕ್ಷಣ ಹೊಳೆಯಿತು. ಉತ್ತರ ಬರುವುದಾದರೂ ಹೇಗೆ? ಕಾನೂನಿನ ಪ್ರಕಾರ ಕರೆಂಟು ಕೊಡುವ ಹಾಗಿಲ್ಲ. ಒಳಗಿನಿಂದ "ಅದು!" ಎಂಬ ದನಿ ಬಂತು. ಸರಿ, ಅದೇ ಉತ್ತರ ಎಂದು ಗುಬುಟು ತಿರುಗಿಸಿದಳು.

ಮುಳ್ಳು ಒಂದಿಷ್ಟು ಸರಿದು ನಡುಗಿತು.

"ಪಂಪು!" ಅಂದಳು ಅವಳು. ಮುಳ್ಳು ಇಳಿಯಿತು. ಮತ್ತೆ ಎದೆಬಡಿತದ ಹಾಗೆ ಆಡಿತು. "ಮಿಣುಕು ದೀಪ!" ಅಂದಳು. ಅರ್ಧ ದಾರಿಗೆ ನೆಗೆಯಿತು. "ಮುಂದೀಪ!" ಅಂದಳು. ಅವನು ಮಾತಾಡುತ್ತಿದ್ದ. ಇಷ್ಟು ದಿನವಾದ ಮೇಲೆ ಅವನು ಹೇಳಿದ್ದು ಹೇಳಿದ ಹಾಗೇ ಅವಳಿಗೆ ತಿಳಿಯುತ್ತಿತ್ತು, ಒಂದೂ ತಪ್ಪದೆ. ಮಗಳು ಫೋನಿನಲ್ಲಿ, "ಅಮ್ಮಾ, ಅದನ್ನ ಯಾರಿಗಾದ್ರೂ ಕೊಟ್ಟುಬಿಡೋಣ, ನೋಡಿದಾಗೆಲ್ಲ ಅಪ್ಪಂಗೆ ಸಂಕಟ," ಅಂದಾಗ ಅವಳು ಸಿಡುಕಿದಳು: "ಸಂಕಟ ಅಲ್ಲ ಕಣೇ. ನಿಮ್ಮಪ್ಪ ಬಾಯಿ ಬಿಡೋದು ಅದೊಂದರಲ್ಲೇ."

ಹೀಗೆ ದಿನಾ ಸಂಜೆ ನಡೆಯಿತು. ಆದರೆ ಕೆಲವು ದಿನ ಕಳೆದ ಮೇಲೆ ಅವಳು ಒಂದು ವಿಚಿತ್ರ ಗಮನಿಸಿದಳು. ಎಲ್ಲ ಮುಗಿದು, ಒಂದೊಂದಾಗಿ ಆಫ್ ಆಗಿ, ಮುಳ್ಳು ತನ್ನ ಜಾಗಕ್ಕೆ ಬಂದು ನಿಂತ ಮೇಲೆ, ಒಂದು ಕೂದಲೆಳೆಯಷ್ಟು ಮುಂದೆ ಸರಿಯುತ್ತಿತ್ತು. ಕಣ್ಣು ಕಿರಿದು ಮಾಡಿ ನೋಡಿದರೆ ಮಾತ್ರ ಕಾಣುವಷ್ಟು. ಪಂಪೂ ಅಲ್ಲ, ದೀಪವೂ ಅಲ್ಲ, ರೇಡಿಯೋವೂ ಅಲ್ಲ. ಅವಳಿಗೆ ಗೊತ್ತಿರುವ ಯಾವುದೂ ಅಲ್ಲ.

"ಏನ್ರೀ ಅದು?" ಎಂದು ಕೂಗುತ್ತಿದ್ದಳು.

"ಅದು! ಅದು!" ಎಂದು ಉತ್ತರ ಬರುತ್ತಿತ್ತು. ಕಿಟಕಿಯಲ್ಲಿ ಅವನ ಎಡಗೈ ಬಾ, ಬಾ ಎಂದು ಆಡುವುದು ಕಾಣುತ್ತಿತ್ತು. ಸುಸ್ತಾಯಿತೇನೋ, ಇಳಿಸು ಅನ್ನುತ್ತಿದ್ದಾನೆ ಎಂದುಕೊಂಡು, ಕಾನೂನಿನ ಪ್ರಕಾರ ಮೊದಲು ಪೆಟ್ಟಿಗೆ ಆಫ್ ಮಾಡಿ, ಆಮೇಲೆ ಓಡಿಹೋಗಿ ಬಾಗಿಲು ತೆಗೆಯುತ್ತಿದ್ದಳು. ಅವನು ಪಕ್ಕದ ಸೀಟನ್ನು ಎಡಗೈಯಿಂದ ತಟ್ಟುತ್ತ, ಅವಳ ಮುಖ ನೋಡುತ್ತ ಕೂತಿರುತ್ತಿದ್ದ. "ಬೆಲ್ಟು ಹುಡುಕ್ತಿದೀರಾ? ಬಿಚ್ಚಿದೀನಿ, ಬನ್ನಿ," ಎಂದು ಅವನ ಕಂಕುಳಿಗೆ ಹೆಗಲು ಕೊಡುತ್ತಿದ್ದಳು.

ಕೊನೆಗೆ ತಂತಿಮಾಮನನ್ನು ಕರೆಸಿದಳು. ಗಂಡನ ಹಳೆಯ ಸ್ನೇಹಿತ, ರೇಡಿಯೋ ರಿಪೇರಿಯವನು. ಮಗಳು ಚಿಕ್ಕಂದಿನಲ್ಲಿ ಇಟ್ಟ ಹೆಸರೇ ಮನೆಮಂದಿಗೆಲ್ಲ ಆಯಿತು. ಒಳ್ಳೆಯ ಮನುಷ್ಯ, ಕೈ ತುಂಬ ಕೆಲಸ, ಮೈ ತುಂಬ ಹೊಟ್ಟೆ. ಆ ಹೊಟ್ಟೆಯ ದೆಸೆಯಿಂದ ವಿಮಾನದ ಬಾಗಿಲಲ್ಲಿ ಅವನು ತೂರುವ ಮಾತೇ ಇರಲಿಲ್ಲ. ಹೊರಗಿನಿಂದಲೇ ಮುಳ್ಳು ನೋಡಿ ಹುಬ್ಬು ಗಂಟಿಕ್ಕಿದ.

"ಅತ್ತಿಗೇ, ಇದು ಲೀಕು. ಒಳಗೆಲ್ಲೋ ತಂತಿ ಕೊಳವೆಗೆ ಉಜ್ಜಿ ಸಿಪ್ಪೆ ಹೋಗಿದೆ. ಇವನು ಒಳಗೆ ಮಿಸುಕಾಡ್ದಾಗ ತಾಗುತ್ತೆ. ಇವತ್ತು ಕೂದಲೆಳೆಯಷ್ಟು, ನಾಳೆ ಬೆಂಕಿ. ವಿಮಾನದ ಮೈಮೇಲೆಲ್ಲ ಬಟ್ಟೆ ಬೇರೆ. ಒಳಗೆ ಕೂತಿರೋನು ತಾನಾಗಿ ಇಳಿಯೋ ಸ್ಥಿತೀಲಿಲ್ಲ."

ಬೆಂಕಿ ಅಂದ ಕೂಡಲೇ ಅವಳು ಕಿಟಕಿಯಲ್ಲಿ ಕಾಣುತ್ತಿದ್ದ ಗಂಡನ ಕಡೆ ತಿರುಗಿದಳು. "ಏನ್ ಮಾಡೋದು?"

ಫ್ಯೂಸುಗಳೆಲ್ಲ ಸಾಕೆಟ್ಟಿನ ಪಕ್ಕದ ಒಂದು ಮುಚ್ಚಳದ ಕೆಳಗೆ ಸಾಲಾಗಿದ್ದವು. ಹೊರಗಿನಿಂದಲೇ ಕೈಗೆ ಸಿಗುತ್ತಿದ್ದವು. ಮುಳ್ಳು ಸರಿದು ನಿಂತಾಗ ಒಂದೊಂದೇ ಕೀಳುತ್ತ ಹೋಗಿ, ಯಾವುದನ್ನು ಕಿತ್ತಾಗ ಮುಳ್ಳು ಹಿಂದೆ ಬರುತ್ತದೋ ನೋಡಿ ಎಂದ ತಂತಿಮಾಮ. ಅವನು ಮೀಟರಿನ ಮುಂದೆ ಕೂತ, ಅವಳು ಫ್ಯೂಸು ಕೀಳುತ್ತ ಹೋದಳು. ಪ್ರತಿಯೊಂದರ ಕೆಳಗೂ ಗಂಡನ ಅಕ್ಷರದಲ್ಲಿ ಹೆಸರಿತ್ತು. ಕೊನೆಯದಕ್ಕೆ ಮಾತ್ರ ಇರಲಿಲ್ಲ. ಅದನ್ನು ಕಿತ್ತ ಕ್ಷಣ ತಂತಿಮಾಮ, "ಹಿಡಿದ್ರಿ ಅತ್ತಿಗೇ! ಬಂತು ಹಿಂದಕ್ಕೆ!" ಎಂದು ತೊಡೆ ತಟ್ಟಿದ. "ಮುಂದಕ್ಕೆ ಬೇಕಾದೀತು ಅಂತ ಖಾಲಿ ಬಿಟ್ಟಿರೋ ಲೈನು ಇದು. ಇರ್ಲಿ, ಫ್ಯೂಸ್ ಹಾಕೋದೇ ಬೇಡ."

ಒಳಗಿನಿಂದ ಟಕ್ ಎಂದು ಸ್ವಿಚ್ಚಿನ ಸದ್ದು ಕೇಳಿತು. ಟಕ್, ಟಕ್. ಮತ್ತೆ ಟಕ್. "ಅದು! ಅದು! ಅದು!"

"ಸರಿಹೋಯ್ತು ರೀ!" ಎಂದು ಅವಳು ಖುಷಿಯಿಂದ ಕೂಗಿದಳು. "ಕಂಡುಹಿಡಿದ್ವಿ! ಇನ್ನು ಹೆದರಿಕೆ ಇಲ್ಲ!"

"ನೋಡಿ, ಪೈಲಟ್ ಸಾಹೇಬರಿಗೂ ಖುಷಿಯಾಗಿದೆ," ಅಂದ ತಂತಿಮಾಮ.

ಟಕ್ ಟಕ್ ಸದ್ದು ಇನ್ನೂ ಸ್ವಲ್ಪ ಹೊತ್ತು ಬಂತು. ಆಮೇಲೆ ನಿಂತಿತು. ಬಾಗಿಲು ತೆಗೆದಾಗ ಅವನು ಪಕ್ಕದ ಸೀಟು ತಟ್ಟುತ್ತಿರಲಿಲ್ಲ. ಮುಂದಿನ ಗಾಜಿನಾಚೆ, ಶೆಡ್ಡಿನ ಗೋಡೆಯನ್ನು ನೋಡುತ್ತಿದ್ದ.

ಮರುದಿನ ಸಂಜೆ ಅವಳು ಮೆಟ್ಟಿಲು ತಂದಿಟ್ಟು ಕರೆದರೆ ಅವನು ಬರಲಿಲ್ಲ. ಅದರ ಮರುದಿನವೂ ಇಲ್ಲ. ಶೆಡ್ಡಿನ ಹೆಸರೆತ್ತಿದರೆ ಮುಖ ತಿರುಗಿಸುತ್ತಿದ್ದ. ಅವಳು ರಮಿಸಿದಳು, ಗದರಿದಳು, ಅವನ ಮುಂದೆ ಕೂತು ಕೈಮುಗಿದೂ ಕೇಳಿದಳು. ಇದ್ದ ಒಂದು ಶಬ್ದವನ್ನೂ ಅವನು ಎತ್ತಿಟ್ಟುಬಿಟ್ಟಿದ್ದ. ಊಟ ಕಮ್ಮಿಯಾಯಿತು. ರಾತ್ರಿ ಮಗ್ಗುಲು ಬದಲಾಯಿಸಲು ಅವಳು ಕೈ ಹಾಕಿದರೆ ಮೈ ಬಿಗಿ ಹಿಡಿಯುತ್ತಿದ್ದ. ಮಗಳೊಡನೆ ಫೋನಿನಲ್ಲಿ ವಿಮಾನ ಮಾರುವ ಮಾತಾಡಿದ್ದು ಅವನ ಕಿವಿಗೆ ಬಿದ್ದಿರಬೇಕು, ಅದಕ್ಕೇ ಈ ಮುನಿಸು ಎಂದು ಅವಳು ಲೆಕ್ಕ ಹಾಕಿದಳು. "ಮಾರಲ್ಲ ರೀ, ನಿಮ್ಮಾಣೆ ಮಾರಲ್ಲ," ಎಂದು ಎಷ್ಟು ಸಲ ಹೇಳಿದಳೋ. ಅವನು ಅವಳ ಮುಖವನ್ನು ಒಮ್ಮೆ ನೋಡಿ ಕಣ್ಣು ಮುಚ್ಚಿಕೊಳ್ಳುತ್ತಿದ್ದ.

ಮುನಿಸು ಬಿಡದೆಯೇ ಅವನು ಹೋದ. ಎರಡನೇ ಸಲ ಲಕ್ವ ಹೊಡೆದಾಗ ಆಸ್ಪತ್ರೆ ಮುಟ್ಟಲಿಲ್ಲ.

ಗಂಡ ಸತ್ತ ದುಃಖವನ್ನು ಜನ ಹಂಚಿಕೊಳ್ಳುತ್ತಾರೆ, ಬಂದು ಕೂತು ಹೋಗುತ್ತಾರೆ. ಗಂಡ ಮುನಿಸಿಕೊಂಡು ಸತ್ತ ದುಃಖವನ್ನು ಯಾರ ಮುಂದೆ ಹರಡುವುದು? ಅವಳು ಹೊಲಿಯುತ್ತ ಹೊಲಿಯುತ್ತ ಪೆಡಲ್ ನಿಲ್ಲಿಸಿ ಕೂತುಬಿಡುತ್ತಿದ್ದಳು. ಏನು ತಪ್ಪು ಮಾಡಿದೆ? ಯಾವ ಮಾತು ಚುಚ್ಚಿತು? ಬೈದದ್ದೇ, ಬೇಡವೆಂದದ್ದೇ, ಫೋನಿನಲ್ಲಿ ಆಡಿದ್ದೇ? ಹೋಗುವವನು ಒಂದು ಸನ್ನೆಯಲ್ಲಾದರೂ ಹೇಳಿ ಹೋಗಬಾರದಿತ್ತೇ! ಅಷ್ಟೊಂದು ಮುಳ್ಳು ಓದಿದವಳಿಗೆ ಅದೊಂದು ಓದಲು ಬರಲಿಲ್ಲವಲ್ಲ!

ವರ್ಷ ಕಳೆಯಿತು. ಶೆಡ್ಡಿನ ತಗಡು ಸೋರತೊಡಗಿತು. ಬಟ್ಟೆಯ ಮೇಲೆ ನೀರು ಬಿದ್ದ ಕಲೆ ನೋಡಿದ ದಿನ ಅವಳು ಮನಸ್ಸು ಗಟ್ಟಿ ಮಾಡಿದಳು. ನಿಂತಲ್ಲೇ ಕೊಳೆಯುವುದಕ್ಕಿಂತ ಯಾರ ಕೈಯಲ್ಲಾದರೂ ಹಾರಲಿ. ತಂತಿಮಾಮ ಒಬ್ಬ ಮುದುಕನನ್ನು ಕರೆತಂದ. ಹೊಲಗಳಿಗೆ ಔಷಧಿ ಸಿಂಪಡಿಸುವ ವಿಮಾನ ಓಡಿಸಿ ನಿವೃತ್ತನಾದ ಪೈಲಟ್. ಮಾತು ಕಮ್ಮಿ. ರೆಕ್ಕೆಯ ಹೊಲಿಗೆಯ ಮೇಲೆ ಬೆರಳಾಡಿಸಿ, "ಇದನ್ನ ಹೊಲಿದೋರು ಯಾರು?" ಎಂದು ಕೇಳಿ, ಉತ್ತರ ಕೇಳಿದ ಮೇಲೆ ಅವಳಿಗೆ ತಲೆ ಬಾಗಿದ. ಅವಳಿಗೆ ಆತ ಹಿಡಿಸಿದ.

"ಒಂದ್ಸಲ ಕರೆಂಟ್ ಕೊಟ್ಟು ಎಲ್ಲಾ ನೋಡಿಬಿಡೋಣಮ್ಮ. ಮೀಟರ್ ಹತ್ರ ನಾನೇ ನಿಲ್ತೀನಿ. ತಗೊಳ್ಳೋನು ನಾನಲ್ವಾ, ನನ್ನ ಕಣ್ಣಲ್ಲೇ ನೋಡ್ಬೇಕು. ಒಳಗೆ ಯಾರಾದ್ರೂ ಕೂತು ಸ್ವಿಚ್ ಹಾಕಿ."

ತಂತಿಮಾಮ ತನ್ನ ಹೊಟ್ಟೆಯನ್ನು ನೋಡಿಕೊಂಡ. ಅವಳು ಮರದ ಮೆಟ್ಟಿಲನ್ನು ನೋಡಿದಳು. ಬೇರೆ ಯಾರೂ ಇರಲಿಲ್ಲ.

ಕಾನೂನನ್ನು ಅವಳೇ ಪೈಲಟ್ಟಿಗೆ ಹೇಳಿಕೊಟ್ಟಳು. ಹತ್ತುವಾಗ ಇಳಿಯುವಾಗ ಕರೆಂಟು ಇರಬಾರದು. ಕರೆದಾಗ ಉತ್ತರ ಬರದಿದ್ದರೆ ತೆಗೆದುಬಿಡಬೇಕು. "ಒಳ್ಳೇ ಕಾನೂನು," ಅಂದ ಆತ. ಆಮೇಲೆ ಅವಳು ಸೀರೆಯ ನೆರಿಗೆ ಎತ್ತಿ ಹಿಡಿದು ಮೆಟ್ಟಿಲು ಹತ್ತಿ, ಅವನ ಸೀಟಿನಲ್ಲಿ ಕೂತಳು. ದಿಂಬು ಅವನ ಮೈಗೆ ತಕ್ಕಂತೆ ತಗ್ಗಿತ್ತು. ಬಾಗಿಲು ಮುಚ್ಚಿದಾಗ ಗ್ರೀಸಿನ, ಹಳೆಯ ಅಂಗಿಯ ವಾಸನೆ ಬಂತು. ಅಳಬಾರದು ಎಂದು ತುಟಿ ಕಚ್ಚಿದಳು.

"ಕೊಡ್ಲಾ?" ಎಂದ ಪೈಲಟ್.

"ಕೊಡಿ!"

ಜೀವನದಲ್ಲಿ ಮೊದಲ ಸಲ ಆ ಮಾತನ್ನು ಅವಳು ಒಳಗಿನಿಂದ ಹೇಳಿದ್ದು. ಪಂಪು. ಸರಿ. ಮಿಣುಕು ದೀಪ. ಸರಿ. ಮುಂದೀಪ. ಸರಿ. ರೇಡಿಯೋ. ಸರಿ. ಸ್ವಿಚ್ಚುಗಳ ಕೆಳಗೆಲ್ಲ ಹೆಸರಿತ್ತು. ಕೊನೆಯ ಒಂದಕ್ಕೆ ಹೆಸರಿರಲಿಲ್ಲ. ಬೇರೆ ಸ್ವಿಚ್ಚುಗಳ ಸುತ್ತ ಬೂದು ಬಣ್ಣ ಹೊಸದರ ಹಾಗೇ ಇತ್ತು. ಇದರ ಸುತ್ತ ಮಾತ್ರ ಬೆರಳು ತಾಗಿ ತಾಗಿ ತೇದು, ತಗಡು ಹೊಳೆಯುತ್ತಿತ್ತು. ಅವಳು ಒತ್ತಿದಳು. ಟಕ್. ಏನೂ ಆಗಲಿಲ್ಲ. ಮತ್ತೆ ಒತ್ತಿದಳು. ಟಕ್, ಟಕ್.

ಆ ಸದ್ದು ಅವಳಿಗೆ ಗೊತ್ತಿತ್ತು.

"ಮಾಮಾ," ಎಂದು ಕೂಗಿದಳು. ದನಿ ತನ್ನದೇ ಅನ್ನಿಸಲಿಲ್ಲ. "ಆ ಕೊನೇ ಫ್ಯೂಸು. ಅವತ್ತು ಕಿತ್ತಿದ್ದು. ವಾಪಸ್ ಹಾಕಿ."

"ಅದು ಲೀಕಿರೋ ಲೈನ್ ಅಲ್ವಾ ಅತ್ತಿಗೇ..."

"ಹಾಕಿ."

ತಂತಿಮಾಮ ಜೇಬಿನಿಂದ ಒಂದು ಫ್ಯೂಸು ತೆಗೆದು ಒತ್ತಿದ. ಬಲಗಡೆಯ ಸೀಟಿನ ಮೇಲೆ ಒಂದು ತುತ್ತು ಬೆಳಕು ಬಿತ್ತು.

ಅವಳು ತಲೆ ಎತ್ತಿ ನೋಡಿದಳು. ಬಲಬದಿಯ ಕೊಳವೆಗೆ ಬಿಗಿದಿದ್ದ ಪುಟ್ಟ ದೀಪ. ಹಸಿರು ತಗಡಿನ ಟೋಪಿ. ಅಂಚು ಒಂದು ಕಡೆ ಸೊಟ್ಟ, ಕತ್ತರಿ ಬಿದ್ದ ಜಾಗದಲ್ಲಿ. ಬೇರೆಲ್ಲೂ ಹರಡದ ಹಾಗೆ ಟೋಪಿಯನ್ನು ಕೆಳಕ್ಕೆ ಬಗ್ಗಿಸಿದ್ದ. ಬೆಳಕು ನೇರ ಮಡಿಲಿಗೆ ಬೀಳಬೇಕು, ಕೂತವಳು ಸೂಜಿ ಹಿಡಿಯುವ ಎತ್ತರಕ್ಕೆ. ಕೆಳಗೆ ಸೀಟಿನ ಪಕ್ಕ, ಕತ್ತರಿ ಇಡಲು ಒಂದು ಚಿಕ್ಕ ಚರ್ಮದ ಚೀಲವನ್ನೂ ಹೊಡೆದಿದ್ದ. ಹೊಲಿಗೆ ಬಾರದವನು, ದಾರದ ಬದಲು ರಿವೆಟ್ ಹಾಕಿದ್ದ.

ಇನ್ನೊಂದು ಬಾಕಿ ಇದೆ, ಅದಾದ ಮೇಲೆ ನಿನ್ನ ಕರೀತೀನಿ ಅಂದಿದ್ದ. ಕರೆದೂ ಇದ್ದ. ದಿನಾ ಸಂಜೆ, ಎಲ್ಲ ಕೆಲಸ ಮುಗಿಸಿ, ಎಲ್ಲ ಸ್ವಿಚ್ಚು ಆರಿಸಿ, ಕೊನೆಗೆ ಇದೊಂದನ್ನು ಹಾಕಿ, ಪಕ್ಕದ ಸೀಟು ತಟ್ಟಿ ತಟ್ಟಿ ಕರೆದಿದ್ದ. ಇವಳು ಪ್ರತಿ ಸಲವೂ ಮೊದಲು ದೀಪ ಆರಿಸಿ ಆಮೇಲೆ ಬಾಗಿಲು ತೆಗೆದಿದ್ದಳು. ಕಡೆಗೆ ಫ್ಯೂಸನ್ನೇ ಕಿತ್ತು, ಸರಿಹೋಯ್ತು ಎಂದು ಕೂಗಿದ್ದಳು. ಅವನಿಗೆ ಉಳಿದಿದ್ದ ಒಂದೇ ಮಾತನ್ನು ತನ್ನ ಕೈಯಾರೆ ಕಿತ್ತು ಹಾಕಿ, ಖುಷಿಯಿಂದ ಕೂಗಿದ್ದಳು.

ಅವಳು ಮೆಲ್ಲಗೆ ಜರುಗಿ ಬಲಗಡೆಯ ಸೀಟಿನಲ್ಲಿ ಕೂತಳು. ಬೆಳಕು ಮಡಿಲ ಮೇಲೆ ಬಿತ್ತು. ಎರಡೂ ಕೈಗಳನ್ನು ಅದರ ಕೆಳಗೆ ಹಿಡಿದಳು.

ಹೊರಗೆ ಪೈಲಟ್ ಮೀಟರಿಗೆ ಬಾಗಿ ನೋಡಿದ. "ಅಮ್ಮಾ, ಮುಳ್ಳು ಒಂದು ಕೂದಲೆಳೆಯಷ್ಟು ಸರೀತು. ಎಲ್ಲೋ ಲೀಕಿದೆ ಅನ್ಸುತ್ತೆ. ಏನದು?"

ತಂತಿಮಾಮ ಕಿಟಕಿಯ ಗಾಜಿಗೆ ಮುಖ ಒತ್ತಿ ಒಳಗೆ ನೋಡುತ್ತಿದ್ದ. ಅವನ ಬಾಯಿ ತೆರೆದೇ ಉಳಿಯಿತು.

"ಅಮ್ಮಾ? ಕೇಳಿಸ್ತಾ? ಏನದು?"

ಅವಳು ಹೇಳಲು ಬಾಯಿ ತೆರೆದಳು. ದೀಪ ಅನ್ನಬೇಕು, ಲೀಕಲ್ಲ ಅನ್ನಬೇಕು, ನನ್ನ ಹಳೇ ಮಿಷನ್ನಿನದು ಅನ್ನಬೇಕು. ಒಂದೂ ಹೊರಬರಲಿಲ್ಲ. "ಅದು..." ಎಂದಳು, ತನಗೇ ಕೇಳಿಸದಷ್ಟು ಮೆಲ್ಲಗೆ. "ಅದು..."

ಪೈಲಟ್ ಇನ್ನೊಮ್ಮೆ ಕರೆದ. ಉತ್ತರ ಬರಲಿಲ್ಲ. ಅವಳೇ ಹೇಳಿಕೊಟ್ಟ ಕಾನೂನಿನಂತೆ ಗುಬುಟು ತಿರುಗಿಸಿದ. ಪೆಟ್ಟಿಗೆಯ ಗುಂಯ್ ಸದ್ದು ನಿಂತಿತು, ಮುಳ್ಳು ಹಿಂದಕ್ಕೆ ಬಂತು, ಮಡಿಲ ಮೇಲಿನ ಬೆಳಕು ಆರಿತು.

ಆಗ ಒಳಗಿನಿಂದ ಅವಳ ದನಿ ಬಂತು.

"ಬಂದೆ ರೀ," ಎನ್ನುತ್ತಿದ್ದಳು. "ಬಂದೆ, ಬಂದೆ."

ಅವಳು ಇಳಿದು ಬರುತ್ತಿದ್ದಾಳೆಂದು ಪೈಲಟ್ ಮೆಟ್ಟಿಲನ್ನು ಸರಿಮಾಡಿ ಹಿಡಿದು ನಿಂತ. ಬಹಳ ಹೊತ್ತು ನಿಂತ. ಬಾಗಿಲು ತೆರೆಯಲಿಲ್ಲ.